ಕಿಟಕಿಯಮ್ಮ ಪ್ರವಾಸ ಹೋದದ್ದು

ಆ ಮನೆಯಲ್ಲಿ ಜಗಳಕ್ಕೆ ಕಾರಣ ಹುಡುಕಬೇಕಾಗಿರಲಿಲ್ಲ, ಎಲ್ಲರೂ ಒಂದೆಡೆ ಕೂತರೆ ಸಾಕಿತ್ತು. ಭಾನುವಾರ ಮಧ್ಯಾಹ್ನ ಊಟದ ತಟ್ಟೆಗಳನ್ನೆತ್ತಿ, ಮೇಜು ಒರೆಸಿ, ಸೊಸೆ ಅದರ ಮೇಲೆ ದೊಡ್ಡದೊಂದು ನಕ್ಷೆಯನ್ನು ಬಿಡಿಸಿ ಹಾಸಿದಾಗಲೇ ಅತ್ತೆ ಮೂಗು ಮುರಿದಳು.

"ಈ ರಜೆಯಲ್ಲಿ ನಾಲ್ಕು ಹಳೇ ಊರು ನೋಡ್ಕೊಂಡು ಬರೋಣ," ಎಂದಳು ಸೊಸೆ. "ಓಡಾಟ ಇಲ್ಲ, ಅವಸರ ಇಲ್ಲ. ದಿನಕ್ಕೆ ಒಂದೇ ಜಾಗ. ಮಧ್ಯಾಹ್ನ ಮಕ್ಕಳಿಗೆ ನಿದ್ದೆ. ಸಂಜೆ ಸುಮ್ನೆ ಬೀದಿ ಸುತ್ತೋದು. ಆರಾಮಾಗಿ."

ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ಆರಾಮ ಬೇಕಾದವರು ಮನೇಲಿ ಇರ್ತಾರೆ."

"ನೀವೂ ಬರಬೇಕು ಅಂತ ನಾನೇನು ಹೇಳ್ಲಿಲ್ಲವಲ್ಲ ಅತ್ತೆ."

"ಹೇಳಿದ್ರೂ ಬರ್ತಿರಲಿಲ್ಲ. ನಿಮ್ಮಂಥವರನ್ನ ನಾನು ಬೇಕಾದಷ್ಟು ನೋಡಿದ್ದೀನಿ ತಾಯಿ."

ನೋಡಿದ್ದು ಸುಳ್ಳಲ್ಲ. ಊರಿನ ಹಳೆಯ ಅರಮನೆಯ ಹೆಬ್ಬಾಗಿಲ ಪಕ್ಕದಲ್ಲಿ ಟಿಕೆಟ್ ಕೊಡುವ ಗೂಡೊಂದಿದೆ. ಒಳಗೆ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲುವುದಕ್ಕೆ ಜಾಗವಿಲ್ಲ. ಮುಂದೆ ದಪ್ಪ ಗಾಜು, ಗಾಜಿನ ಬುಡದಲ್ಲಿ ಕೈ ತೂರುವಷ್ಟು ಕಿಂಡಿ. ಮದುವೆಯಾದ ಹೊಸದರಲ್ಲೇ ಗಂಡ ತೀರಿಕೊಂಡು, ಕಂಕುಳಲ್ಲೊಂದು ಕೂಸನ್ನಿಟ್ಟುಕೊಂಡು ಆ ಗೂಡಿನೊಳಗೆ ಹೋದವಳು ತಲೆ ನರೆತ ಮೇಲೆಯೇ ಹೊರಗೆ ಬಂದದ್ದು. ಕಾವಲಿನವರು, ಗೈಡುಗಳು, ಹೊರಗೆ ಐಸ್‌ಕ್ರೀಂ ಮಾರುವವರು ಎಲ್ಲರೂ ಅವಳನ್ನು ಕಿಟಕಿಯಮ್ಮ ಎಂದೇ ಕರೆಯುತ್ತಿದ್ದರು. ಹೆಸರು ಮನೆಯವರೆಗೂ ಬಂತು. ನಿಜವಾದ ಹೆಸರನ್ನು ಈಗ ಪಿಂಚಣಿ ಕಚೇರಿಯವರು ಬಿಟ್ಟರೆ ಯಾರೂ ಹಿಡಿದು ಕರೆಯುವುದಿಲ್ಲ.

ಆ ಗಾಜಿನ ಆಚೆಗೆ ಅವಳಿಗೆ ಹೆಚ್ಚಾಗಿ ಕಾಣುತ್ತಿದ್ದದ್ದು ಮನುಷ್ಯರ ಮಧ್ಯಭಾಗ. ಹೊಟ್ಟೆ, ಬೆಲ್ಟು, ಕೈಚೀಲ, ಗಾಜಿಗೆ ಮೂಗು ಒತ್ತಿ ನಿಂತ ಮಕ್ಕಳು. ಬೆಳಿಗ್ಗೆ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು ಬಂದ ಗಂಡ ಹೆಂಡಿರು ಮಧ್ಯಾಹ್ನ ಹೊರಗೆ ಬರುವಾಗ ಅವನು ಒಂದು ದಿಕ್ಕಿಗೆ, ಇವಳು ಇನ್ನೊಂದು ದಿಕ್ಕಿಗೆ, ನಡುವೆ ಕಿರುಚುವ ಮಗು. ಬಿಸಿಲು ಹೆಚ್ಚಾದರೆ ಬೈಗುಳ ಕಿಂಡಿಯೊಳಗೆ ಬರುತ್ತಿತ್ತು. ಸಾಲು ಉದ್ದವಾದರೂ ಅವಳದೇ ತಪ್ಪು, ಒಳಗೆ ಚಪ್ಪಲಿ ಬಿಚ್ಚಿಸಿದರೂ ಅವಳದೇ ತಪ್ಪು. ಮೊದಮೊದಲು ಅಳು ಬರುತ್ತಿತ್ತು. ಆಮೇಲೆ ಅಳು ಒಣಗಿ ನಾಲಿಗೆ ಚುರುಕಾಯಿತು. ಹೊಟ್ಟೆ ಚುರುಗುಟ್ಟುವ ಹೊತ್ತಿಗೆ ಸರಿಯಾಗಿ 'ಊಟದ ವೇಳೆ' ಎಂಬ ಹಲಗೆಯನ್ನು ಗಾಜಿಗೆ ನೇತುಹಾಕಿ, ಸಾಲಿನ ಮೊದಲಿಗನ ಕಣ್ಣನ್ನೇ ನೋಡುತ್ತಾ ಡಬ್ಬಿ ಬಿಚ್ಚುವುದು ಅವಳ ದಿನದ ಸುಖವಾಗಿತ್ತು. ಅರಮನೆಯ ಒಳಗೆ ಏನಿದೆ ಎಂದು ಯಾರಾದರೂ ಕೇಳಿದರೆ "ಕಂಬ" ಎನ್ನುತ್ತಿದ್ದಳು. ಮುಂದೆ ಮಾತಿಲ್ಲ.

ಅಂಥವಳು ಕೆಲಸದಿಂದ ನಿವೃತ್ತಳಾಗಿ ಮಗನ ಮನೆಯ ಮುಂದಿನ ಕೋಣೆಗೆ ಬಂದಿದ್ದಳು. ಮಗ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. 'ಉಸಿರು ಬಿಗಿ ಹಿಡೀರಿ, ಈಗ ಬಿಡಿ' ಎನ್ನುವುದು ಬಿಟ್ಟರೆ ದಿನವಿಡೀ ಮಾತು ಬೇಡದ ಕೆಲಸ, ಅವನಿಗೆ ಅದು ಚೆನ್ನಾಗಿ ಒಗ್ಗಿತ್ತು. ಸೊಸೆ ಅದೇ ಆಸ್ಪತ್ರೆಯ ಫಿಸಿಯೋಥೆರಪಿಸ್ಟ್. ಬಿದ್ದು ಮುರಿದುಕೊಂಡವರನ್ನು ಹಾಸಿಗೆಯಿಂದ ಎಬ್ಬಿಸಿ ನಡೆಸುವುದು ಅವಳ ಕಸುಬು. ಅತ್ತೆಯೊಡನೆ ಮಾತು ಬಿಗಿಯಾದಾಗಲೆಲ್ಲ, ರೋಗಿಗಳಿಗೆ ಹೇಳುವ ದನಿಯಲ್ಲಿ, "ಭುಜ ಸಡಿಲ ಬಿಡಿ ಅತ್ತೆ," ಎನ್ನುತ್ತಿದ್ದಳು. ಆ ಒಂದು ಮಾತಿಗೆ ಕಿಟಕಿಯಮ್ಮನ ಮೈಯೆಲ್ಲ ಉರಿದು ಹೋಗುತ್ತಿತ್ತು.

ಮಕ್ಕಳು ಇಬ್ಬರು. ದೊಡ್ಡವಳು ಆಗಷ್ಟೇ ಶಾಲೆಗೆ ಸೇರಿದವಳು. ಹಾಲು ಕುಡಿ ಎಂದರೆ ಯಾಕೆ ಕುಡಿಯಬೇಕೆಂದು ವಾದಕ್ಕೆ ನಿಲ್ಲುವುದರಿಂದ ಎಲ್ಲರ ಬಾಯಲ್ಲಿ ಲಾಯರಮ್ಮ. ಚಿಕ್ಕವಳು ಇನ್ನೂ ಎತ್ತಿಕೊಳ್ಳುವ ಕೂಸು, ಕೆನ್ನೆ ತುಂಬಿಕೊಂಡಿದ್ದರಿಂದ ಗುಂಡು.

ಆ ಭಾನುವಾರದಿಂದ ಪ್ರವಾಸದ ಯೋಜನೆ ಒಂದು ಕಡೆ, ಅದರ ಮೇಲೆ ಕಿಟಕಿಯಮ್ಮನ ದಾಳಿ ಇನ್ನೊಂದು ಕಡೆ ನಡೆಯಿತು. ಸೊಸೆ ಸಂಜೆ ಕೆಲಸದಿಂದ ಬಂದು, ಯಾವ ಊರಿಗೆ ಮೊದಲು, ಎಲ್ಲಿ ಉಳಿಯುವುದು, ಯಾವ ಕೋಟೆಗೆ ಗಾಡಿ ಮೇಲಿನವರೆಗೂ ಹೋಗುತ್ತದೆ ಎಂದು ವಿಚಾರಿಸುತ್ತಿದ್ದಳು. ಅತ್ತೆ ತನ್ನ ಕೋಣೆಯಿಂದಲೇ ಕಲ್ಲು ಹಾಕುತ್ತಿದ್ದಳು.

"ಆ ಊರಲ್ಲಿ ನೀರಿರಲ್ಲ."

"ಇರುತ್ತೆ ಅತ್ತೆ. ಫೋನ್ ಮಾಡಿ ಕೇಳಿದ್ದೀನಿ."

"ಇದ್ರೆ ಸೊಳ್ಳೆ ಇರುತ್ತೆ."

"ಪರದೆ ಇದೆಯಂತೆ."

"ಪರದೆ ಇದ್ರೆ ತೂತಿರುತ್ತೆ."

ಸೊಸೆ ಹಲ್ಲು ಕಚ್ಚಿಕೊಂಡು ಪೆನ್ಸಿಲ್ ಕೆಳಗಿಡುತ್ತಿದ್ದಳು. ಕಿಟಕಿಯಮ್ಮನಿಗೆ ಗೆದ್ದ ಖುಷಿ. ಆದರೆ ಮಾರನೆಯ ದಿನ ಮತ್ತೆ ಅದೇ ನಕ್ಷೆ, ಅದೇ ಪೆನ್ಸಿಲ್. ಮಾತಿನಿಂದ ಈ ಹೆಣ್ಣು ಬಗ್ಗುವುದಿಲ್ಲ ಎಂದು ಅವಳಿಗೆ ಮನವರಿಕೆಯಾಯಿತು. ಹಾಗೆ ನೋಡಿದರೆ ಈ ಪ್ರವಾಸ ನಿಂತು ಅವಳಿಗೆ ಆಗಬೇಕಾದದ್ದೇನೂ ಇರಲಿಲ್ಲ. ಅವರೆಲ್ಲ ಹೋದರೆ ಮನೆ ತಣ್ಣಗಿರುತ್ತಿತ್ತು. ಆದರೂ, ತಾನು ಜೀವನವಿಡೀ ಗಾಜಿನ ಹಿಂದೆ ಕೂತು ದ್ವೇಷಿಸಿದ ಆ ಸಾಲಿನಲ್ಲಿ ತನ್ನದೇ ಮಗ ಟೋಪಿ ಹಾಕಿಕೊಂಡು, ನೀರಿನ ಬಾಟಲಿ ನೇತುಹಾಕಿಕೊಂಡು ನಗುತ್ತಾ ನಿಲ್ಲುತ್ತಾನೆ ಎಂಬುದು ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಲಾಯರಮ್ಮ ಅಜ್ಜಿಯ ಮಂಚದ ಮೇಲೆ ಬೋರಲು ಮಲಗಿ ಬಣ್ಣ ಹಚ್ಚುತ್ತಿದ್ದಳು. ಅವಳ ಎರಡು ಜಡೆ ಬೆನ್ನ ಮೇಲೆ ಬಿದ್ದಿದ್ದವು.

"ಹಳೇ ಅರಮನೇಲಿ ಏನಿರುತ್ತೆ ಗೊತ್ತಾ?" ಎಂದಳು ಕಿಟಕಿಯಮ್ಮ.

"ರಾಜ."

"ರಾಜ ಎಂದೋ ಸತ್ತ. ಬಾವಲಿ ಇರುತ್ತೆ. ಕತ್ತಲಲ್ಲಿ ತಲೆಕೆಳಗಾಗಿ ನೇತಾಡ್ತಿರುತ್ತೆ. ಚಿಕ್ಕ ಹುಡುಗೀರ ಜಡೆ ಕಂಡ್ರೆ ಹಾರಿ ಬಂದು ಕಚ್ಚಿ ಹಿಡ್ಕೊಳ್ಳುತ್ತೆ. ಬಿಡಿಸೋಕೆ ಆಗಲ್ಲ. ನಮ್ಮ ಅರಮನೇಲಿ ಒಂದು ಹುಡುಗಿಗೆ ಹಾಗೇ ಆಯ್ತು."

"ಆಮೇಲೆ?"

"ಆಮೇಲೇನು, ಅದು ಅಳ್ತಾನೇ ಮನೆಗೆ ಹೋಯ್ತು."

ಅಂಥ ಹುಡುಗಿ ಯಾರೂ ಇರಲಿಲ್ಲ. ಅವಳ ಅರಮನೆಯಲ್ಲಿ ಪಾರಿವಾಳ ಬಿಟ್ಟರೆ ಬೇರೇನೂ ಇರಲಿಲ್ಲ. ಮಗುವಿನ ಕೈ ಮೆಲ್ಲಗೆ ಜಡೆಯತ್ತ ಹೋದದ್ದನ್ನು ಅವಳು ಕಂಡಳು. ಇನ್ನು ಇದು ಪ್ರವಾಸಕ್ಕೆ ಬರುವುದಿಲ್ಲವೆಂದು ಹಟ ಹಿಡಿಯುತ್ತದೆ, ಅಲ್ಲಿಗೆ ಮುಗಿಯಿತು ಎಂದುಕೊಂಡಳು.

ಲಾಯರಮ್ಮ ಹಟ ಹಿಡಿಯಲಿಲ್ಲ. ಅವಳದು ಬೇರೆ ತಲೆ. ಸಂಜೆ ಸೊಸೆ ಕೆಲಸದಿಂದ ಬಂದು ಕೈ ತೊಳೆಯಲು ಹೋದರೆ ಬೇಸಿನ್ನಿನಲ್ಲಿ ರಿಬ್ಬನ್ನಿನ ಸಮೇತ ಒಂದು ಜಡೆ ಬಿದ್ದಿತ್ತು. ಇನ್ನೊಂದು ಅರ್ಧ ಕತ್ತರಿಸಿ ಕಿವಿಯ ಹತ್ತಿರ ಜೋತಾಡುತ್ತಿತ್ತು. ಹುಡುಗಿ ಸ್ಟೂಲಿನ ಮೇಲೆ ನಿಂತು, ಕನ್ನಡಿಯಲ್ಲಿ ನೋಡಿಕೊಂಡು, ಹೊಲಿಗೆ ಕತ್ತರಿಯಿಂದ ಮಿಕ್ಕದ್ದನ್ನು ಕೊಯ್ಯುತ್ತಿದ್ದಳು. ಕಿವಿಗೆ ಒಂದು ಬೆರಳಿನ ಅಂತರದಲ್ಲಿ ಕತ್ತರಿಯ ಬಾಯಿ.

ಸೊಸೆ ಕಿರುಚಲಿಲ್ಲ. ಹಿಂದಿನಿಂದ ಬಂದು ಮೊದಲು ಕತ್ತರಿ ಹಿಡಿದ ಮುಂಗೈಯನ್ನು ಭದ್ರವಾಗಿ ಹಿಡಿದಳು. ಆಮೇಲೆ ಕೇಳಿದಳು.

"ಯಾಕೆ ಮಗಳೇ?"

"ಈಗ ಬಾವಲಿಗೆ ಹಿಡ್ಕೊಳ್ಳೋಕೆ ಏನೂ ಸಿಗಲ್ಲ ಅಮ್ಮ. ಅಜ್ಜಿ ಹೇಳಿದ್ರಲ್ಲ."

ಸೊಸೆ ಆ ಜಡೆಯನ್ನು ತಂದು ಅತ್ತೆಯ ಮಡಿಲಿಗೆ ಹಾಕಿದಳು. "ಇದನ್ನ ನೀವೇ ಇಟ್ಕೊಳ್ಳಿ," ಎಂದಳು. "ಕತ್ತರಿ ಸ್ವಲ್ಪ ಆಚೀಚೆ ಆಗಿದ್ರೆ ಇದರ ಜೊತೆ ಕಿವೀನೂ ಇರ್ತಿತ್ತು."

ಕಿಟಕಿಯಮ್ಮ ಮಡಿಲಲ್ಲಿದ್ದ ಜಡೆಯನ್ನು ಮುಟ್ಟಿ ಕೈ ಹಿಂದೆಗೆದುಕೊಂಡಳು. ಆದರೆ ನಾಲಿಗೆ ತನ್ನ ಹಳೆಯ ಚಾಳಿ ಬಿಡಲಿಲ್ಲ. "ಕತ್ತರೀನ ಮಗೂ ಕೈಗೆ ಎಟುಕೋ ಹಾಗೆ ಇಟ್ಟೋರು ಯಾರು?"

ಬಾಗಿಲಲ್ಲಿ ನಿಂತಿದ್ದ ಮಗನಿಗೆ ಆ ಮಾತು ಸಾಕಾಯಿತು. ಎಂದೂ ದನಿ ಎತ್ತದವನು ಅಂದು ಎತ್ತಿದ. "ನಿನಗೇನಮ್ಮಾ ಇವರು ಹೋದ್ರೆ? ನನ್ನನ್ನಂತೂ ಒಂದು ದಿನ ಎಲ್ಲಿಗೂ ಕರ್ಕೊಂಡು ಹೋಗಲಿಲ್ಲ. ರಜೆ ಬಂತಂದ್ರೆ ಆ ಕೌಂಟರ್ ಕೆಳಗೆ ಚಾಪೆ. ಹೊರಗೆ ಬೇರೆ ಮಕ್ಕಳು ಓಡೋ ಸದ್ದು. ಅರಮನೆ ಬಾಗಿಲಲ್ಲೇ ಬೆಳೆದೆ, ಒಳಗೆ ಏನಿದೆ ಅಂತ ನನಗೆ ಗೊತ್ತಿಲ್ಲ."

"ಏನಿತ್ತು ನೋಡೋಕೆ? ಕಂಬ."

"ಆ ಕಂಬಾನೇ ನೋಡಬೇಕಿತ್ತು ನನಗೆ."

"ನಿನ್ನನ್ನ ಕರ್ಕೊಂಡು ಹೋಗಿದ್ರೆ ಗೂಡಲ್ಲಿ ಯಾರು ಕೂರ್ತಿದ್ರು, ನಿಮ್ಮಪ್ಪನಾ?" ಎಂದಳು ಕಿಟಕಿಯಮ್ಮ. ಅವಳ ದನಿಯೂ ಏರಿತ್ತು. "ಕುಡಿದು ಬಂದೋನು ಕಿಂಡಿ ಒಳಗೆ ಕೈ ಹಾಕಿ ನನ್ನ ಮುಂಗೈ ತಿರುಚಿದ ದಿನ ನೀನು ಕೆಳಗೆ ಮಲಗಿದ್ದೆ. ನಿನಗೆ ಎಚ್ಚರ ಆಗುತ್ತೆ ಅಂತ ನಾನು ತುಟಿ ಪಿಟಕ್ ಅನ್ನಲಿಲ್ಲ. ಸದ್ದು ಕೇಳಿಸ್ತಂತೆ, ಸದ್ದು. ನಾನು ಮಾಡದೇ ಇರೋ ಸದ್ದು ಕೇಳಿತಾ ನಿನಗೆ?"

ಮಗನಿಗೆ ಅದು ಗೊತ್ತಿರಲಿಲ್ಲ. ಆದರೆ ಹತ್ತಿರ ಬಂದು ಕೂರಲೂ ಇಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಟ್ಟ.

ಸೊಸೆ ಮಾತ್ರ ಅಲ್ಲೇ ನಿಂತಿದ್ದಳು. ಅವಳು ಕಡ್ಡಿ ಮುರಿದಂತೆ ಹೇಳಿದಳು. "ನೀವು ಬರ್ತೀರಿ. ಭಯ ಹುಟ್ಟಿಸಿದ್ದು ನೀವು. ಪ್ರತಿ ಅರಮನೆಗೂ ನೀವೇ ಅವಳ ಕೈ ಹಿಡ್ಕೊಂಡು ಒಳಗೆ ಹೋಗಿ, ಬಾವಲಿ ಇಲ್ಲ ಅಂತ ತೋರಿಸ್ತೀರಿ. ಇದು ಕರೆಯೋದಲ್ಲ ಅತ್ತೆ, ಶಿಕ್ಷೆ."

ಕಿಟಕಿಯಮ್ಮ ಹೊರಟಳು. ಬರುವುದಿಲ್ಲ ಎನ್ನಬಹುದಿತ್ತು. ಆದರೆ ಹುಡುಗರ ಹಾಗೆ ಕ್ರಾಪು ಮಾಡಿಸಿಕೊಂಡು ಬಂದ ಮೊಮ್ಮಗಳು ಪ್ರತಿ ಸಲ ಎದುರಿಗೆ ಓಡಾಡಿದಾಗಲೂ ಅವಳ ಬಾಯಿಗೆ ಬೀಗ ಬೀಳುತ್ತಿತ್ತು.

ಮೊದಲನೆಯ ಊರು ಸುಮಾರಾಗಿ ಕಳೆಯಿತು. ಕೆಂಪು ಕಲ್ಲಿನ ಅರಮನೆ, ಅದರ ಸುತ್ತ ಒಣಗಿದ ಕಂದಕ. ಸೊಸೆ ಹೇಳಿದಂತೆಯೇ ದಿನಕ್ಕೊಂದೇ ಜಾಗ, ಮಧ್ಯಾಹ್ನ ನಿದ್ದೆ. ಲಾಯರಮ್ಮ ಅಜ್ಜಿಯ ಬೆರಳು ಬಿಡದೆ ಪ್ರತಿ ಕೋಣೆಯ ಚಾವಣಿಯನ್ನೂ ತಪಾಸಣೆ ಮಾಡಿದಳು. ಮಗ ಒಂದು ಕಂಬವನ್ನು ಬಹಳ ಹೊತ್ತು ನೋಡುತ್ತಾ ನಿಂತ. ಕಿಟಕಿಯಮ್ಮ ಅದನ್ನು ಕಂಡೂ ಕಾಣದಂತೆ ಮುಂದೆ ಹೋದಳು. ಏನೂ ಕೆಡಲಿಲ್ಲ, ಯಾರೂ ಅಳಲಿಲ್ಲ, ನೀರಿತ್ತು, ಸೊಳ್ಳೆಯ ಪರದೆಯಲ್ಲಿ ತೂತಿರಲಿಲ್ಲ. ತನ್ನ ಮಾತೆಲ್ಲ ಸುಳ್ಳಾದದ್ದು ಅವಳಿಗೆ ತಡೆಯಲಾಗಲಿಲ್ಲ. "ಮೊದಲ್ನೇ ಊರು ಯಾವಾಗ್ಲೂ ಹೀಗೇ," ಎಂದಳು ಬಸ್ಸಿನಲ್ಲಿ.

ಎರಡನೆಯ ಊರಿನಲ್ಲಿ ಕೆಟ್ಟಿತು.

ಅಲ್ಲಿನ ಕೋಟೆಯ ಮುಂದೆ ಸಾಲು ಬೀದಿಯ ತಿರುವಿನವರೆಗೂ ಇತ್ತು. ಬಿಸಿಲು ನೆತ್ತಿಗೆ ಬಂದಿತ್ತು. ಸೊಸೆ ಗುಂಡುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಮುಂದೆ ನಿಂತಿದ್ದಳು, ಮಗ ಚೀಲಗಳನ್ನು ಹಿಡಿದು ಹಿಂದೆ. ಕೌಂಟರಿಗೆ ಇನ್ನಿಬ್ಬರು ಎನ್ನುವಾಗ ಗುಂಡು ಉಚ್ಚೆ ಎಂದು ಒದ್ದಾಡತೊಡಗಿತು. ಶೌಚಾಲಯ ಕೋಟೆಯ ಒಳಗಿತ್ತು. ಸೊಸೆಯ ಸರದಿ ಬಂತು. ಅವಳು ಕೈ ಚಾಚುವುದಕ್ಕೂ ಗಾಜಿನ ಆಚೆಯ ಬೊಕ್ಕತಲೆಯವನು ಹಲಗೆ ನೇತುಹಾಕುವುದಕ್ಕೂ ಸರಿಯಾಯಿತು.

"ಸರ್, ಮಗು ನೋಡಿ. ಎರಡು ನಿಮಿಷ."

ಅವನು ಹೆಬ್ಬೆರಳಿನಿಂದ ಹಲಗೆ ತೋರಿಸಿದ. ಡಬ್ಬಿ ಬಿಚ್ಚಿದ.

ಸೊಸೆ ಗಾಜು ಬಡಿದಳು. ಹಿಂದಿನವರೂ ದನಿಗೂಡಿಸಿದರು. ಯಾರೋ ಅವನನ್ನು ಎಮ್ಮೆ ಎಂದರು. ಇನ್ನಾರೋ ಗಾಜಿಗೆ ಬಾಟಲಿಯಿಂದ ಕುಟ್ಟಿದರು. ಬೊಕ್ಕತಲೆಯವನು ತುತ್ತು ಬಾಯಿಗಿಟ್ಟುಕೊಂಡ. ಅವನ ದವಡೆ ಆಡಿತು, ಆದರೆ ಕಣ್ಣು ಡಬ್ಬಿಯಿಂದ ಮೇಲೇಳಲಿಲ್ಲ. ಅದನ್ನು ನೋಡುತ್ತಿದ್ದ ಕಿಟಕಿಯಮ್ಮನಿಗೆ ಏನಾಯಿತೋ, ಸಾಲನ್ನು ಸೀಳಿಕೊಂಡು ಮುಂದೆ ಬಂದಳು.

"ಗಾಜು ಬಡೀಬೇಡ," ಎಂದಳು ಸೊಸೆಗೆ. "ಅವನು ಊಟ ಮಾಡ್ಲಿ."

"ಅತ್ತೆ, ಮಗುವಿಗೆ ತಡೆಯೋಕಾಗ್ತಿಲ್ಲ."

"ಮಗುವಿಗೆ ಗಿಡದ ಬುಡ ಇದೆ. ಅವನಿಗೆ ಇದೊಂದೇ ಹೊತ್ತು ಇರೋದು."

ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಅವಳು ನಿಲ್ಲಿಸಲಿಲ್ಲ. ಸಾಲಿನ ಕಡೆಗೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, "ಇವಳು ಮನೇಲೂ ಹೀಗೇ," ಎಂದಳು. "ತಾನು ಬಂದ್ರೆ ಲೋಕ ಬಾಗಿಲು ತೆಗೆದು ಕಾಯ್ತಿರಬೇಕು."

ಬಿಸಿಲಿನಲ್ಲಿ ಬೇಸತ್ತ ಜನಕ್ಕೆ ಏನಾದರೊಂದು ಬೇಕಿತ್ತು. ನಕ್ಕರು. ಆ ನಗುವಿನ ನಡುವೆಯೇ ಗುಂಡು ಅಮ್ಮನ ಸೊಂಟದ ಮೇಲೆ ಉಚ್ಚೆ ಹೊಯ್ದುಬಿಟ್ಟಿತು. ಅದು ಸೊಸೆಯ ಬಟ್ಟೆಯ ಮೇಲಿಂದ ಚಪ್ಪಲಿಗೆ ಇಳಿಯಿತು. ಸೊಸೆ ಅತ್ತೆಯ ಮುಖವನ್ನು ಒಂದು ಸಲ ನೋಡಿದಳು. ಆಮೇಲೆ ತಲೆ ಎತ್ತಿಕೊಂಡೇ, ಆ ಉದ್ದ ಸಾಲಿನ ಪಕ್ಕದಲ್ಲೇ ನಡೆದು, ಬೀದಿಯ ತಿರುವಿನಲ್ಲಿ ಮರೆಯಾದಳು. ಕೋಟೆ ನೋಡಲಿಲ್ಲ.

ಸಂಜೆ ಲಾಡ್ಜಿನ ಮೆಟ್ಟಿಲ ಹತ್ತಿರ ಮಗ ಬಂದು ನಿಂತ. "ನಾಳೆ ನಿನ್ನನ್ನ ಊರಿನ ಬಸ್ಸಿಗೆ ಹತ್ತಿಸ್ತೀನಿ."

"ಹತ್ತಿಸು. ನಾನೇನು ಬರ್ತೀನಿ ಅಂತ ಅತ್ತಿದ್ನಾ?"

ಆದರೆ ಬೆಳಿಗ್ಗೆ ಲಾಯರಮ್ಮ ಬಸ್ ನಿಲ್ದಾಣದಲ್ಲಿ ನೆಲಕ್ಕೆ ಕೂತುಬಿಟ್ಟಳು. "ಅಜ್ಜಿ ಇಲ್ದಿದ್ರೆ ನಾನು ಯಾವ ಕೋಟೆ ಒಳಗೂ ಬರಲ್ಲ. ಬಾವಲಿ ಎಲ್ಲಿರುತ್ತೆ ಅಂತ ಅವರಿಗೆ ಮಾತ್ರ ಗೊತ್ತು." ಅಪ್ಪ ಗದರಿದ, ಅಮ್ಮ ರಮಿಸಿದಳು. ಹುಡುಗಿ ಜಪ್ಪಯ್ಯ ಎಂದರೂ ಏಳಲಿಲ್ಲ. ಹೀಗೆ ಅಜ್ಜಿ ಹೇಳಿದ ಸುಳ್ಳಿನಿಂದಾಗಿ, ಒಬ್ಬರ ಮುಖ ಒಬ್ಬರಿಗಾಗದ ಇಬ್ಬರು ಹೆಂಗಸರು ಒಂದೇ ಬಸ್ಸಿನಲ್ಲಿ ಮೂರನೆಯ ಊರಿಗೆ ಹೋಗಬೇಕಾಯಿತು. ಸೊಸೆ ಮುಂದಿನ ಸೀಟು, ಅತ್ತೆ ಹಿಂದಿನ ಸೀಟು. ದಾರಿಯುದ್ದಕ್ಕೂ ಸೊಸೆಯ ಕುತ್ತಿಗೆಯ ಹಿಂಭಾಗ ಕಲ್ಲಿನ ಹಾಗೆ ಬಿಗಿದುಕೊಂಡಿತ್ತು. ಕಿಟಕಿಯಮ್ಮ ಅದನ್ನೇ ನೋಡುತ್ತಾ ಕೂತಳು.

ಮೂರನೆಯ ಊರಿನದು ಗುಡ್ಡದ ಕೋಟೆ. ಅದರ ಹೊಟ್ಟೆಯೊಳಗೆ ಒಂದು ಬಾವಿ, ಬಾವಿಗೆ ಇಳಿಯಲು ಕಲ್ಲಿನ ಸುರಂಗದಂಥ ಮೆಟ್ಟಿಲ ದಾರಿ. ಗುಂಡುವಿಗೆ ನಿದ್ದೆ ಬಂದಿದ್ದರಿಂದ ಮಗ ಅದನ್ನು ಹೆಗಲಿಗೆ ಹಾಕಿಕೊಂಡು ಮೇಲೇ ನೆರಳಲ್ಲಿ ಕೂತ. ಲಾಯರಮ್ಮನ ಕೈ ಹಿಡಿದು ಕಿಟಕಿಯಮ್ಮ ಮುಂದೆ ಇಳಿದಳು, ಮಾತಿಲ್ಲದೆ ಸೊಸೆ ಹಿಂದೆ.

ಸ್ವಲ್ಪ ಇಳಿಯುವಷ್ಟರಲ್ಲೇ ಬೆಳಕು ಕಡಿಮೆಯಾಗಿ, ಮೂಗಿಗೆ ಅಡರುವ ಒಂದು ಹುಳಿ ವಾಸನೆ ಬಂತು. ಮೇಲೆ ಏನೋ ಕೀಚುಗುಟ್ಟಿತು. ಲಾಯರಮ್ಮ ತಲೆ ಎತ್ತಿದಳು. ಚಾವಣಿಯ ಸಂದಿಯುದ್ದಕ್ಕೂ ಕಪ್ಪು ಗೊಂಚಲು ಗೊಂಚಲಾಗಿ ಬಾವಲಿಗಳು ನೇತಾಡುತ್ತಿದ್ದವು. ಕೆಲವು ರೆಕ್ಕೆ ಬಿಚ್ಚಿ ಮಡಚಿದವು.

"ಅಜ್ಜಿ," ಎಂದಳು ಹುಡುಗಿ, ಪಿಸುದನಿಯಲ್ಲಿ. "ನೀವು ಹೇಳಿದ್ದು ನಿಜ. ಎಷ್ಟೊಂದು ಇವೆ." ಅವಳ ದನಿಯಲ್ಲಿ ಹೆದರಿಕೆ ಇರಲಿಲ್ಲ, ಸಂಭ್ರಮವಿತ್ತು. ತನ್ನ ಕತ್ತರಿಸಿದ ತಲೆಯನ್ನು ಸವರಿಕೊಂಡಳು. "ನನಗೇನೂ ಮಾಡಲ್ಲ. ನನಗೆ ಜಡೆ ಇಲ್ಲ." ಆಮೇಲೆ ಅಜ್ಜಿಯನ್ನು ನೋಡಿ, "ನಿಮಗೆ ಮಾತ್ರ ತುರುಬಿದೆ," ಎಂದಳು.

ಕಿಟಕಿಯಮ್ಮ ಜೀವನದಲ್ಲಿ ಬಾವಲಿಯನ್ನು ಅಷ್ಟು ಹತ್ತಿರದಿಂದ ನೋಡಿದವಳಲ್ಲ. ಅಷ್ಟರಲ್ಲಿ ಒಂದು ಪಟಪಟನೆ ಹಾರಿ ಅವಳ ಕಿವಿಯ ಪಕ್ಕದಲ್ಲೇ ಹೋಯಿತು. ತಾನು ಕಟ್ಟಿದ ಕಥೆ ಸುಳ್ಳೆಂದು ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಎರಡೂ ಕೈಯಿಂದ ತುರುಬನ್ನು ಗಪ್ಪನೆ ಹಿಡಿದುಕೊಂಡಳು. ಗೋಡೆ ಹಿಡಿಯಲು ಬೇರೆ ಕೈ ಇರಲಿಲ್ಲ. ಪಾಚಿಗಟ್ಟಿದ ಮೆಟ್ಟಿಲ ಮೇಲೆ ಕಾಲು ಜಾರಿತು, ಮಂಡಿ ಒಂದು ಕಡೆಗೆ ತಿರುಗಿತು, ಮೈ ಇನ್ನೊಂದು ಕಡೆಗೆ ಬಿತ್ತು.

ಸೊಸೆ ಮೊದಲು ಮಗಳನ್ನು ಗೋಡೆಗೆ ಒತ್ತಿ ನಿಲ್ಲಿಸಿದಳು. "ಮೇಲೆ ಹೋಗಿ ಅಪ್ಪನ ಹತ್ರ ನಿಂತ್ಕೋ. ಓಡಬೇಡ." ಹುಡುಗಿ ಹತ್ತಿ ಹೋಗುವವರೆಗೂ ನೋಡುತ್ತಿದ್ದಳು. ಆಮೇಲೆ ಅತ್ತೆಯ ಕಡೆಗೆ ತಿರುಗಿದಳು. ತಿರುಗಿದಳೇ ಹೊರತು ಬಗ್ಗಲಿಲ್ಲ. ಕತ್ತಲಲ್ಲಿ ನಿಂತೇ ಇದ್ದಳು.

ಕಿಟಕಿಯಮ್ಮ ಏಳಲು ನೋಡಿದಳು, ಆಗಲಿಲ್ಲ. ನೋವಿಗೆ ಕಣ್ಣು ಕತ್ತಲೆ ಬಂತು. ಬಾಯಿ ಬಿಟ್ಟು ಕೇಳುವುದು ಅವಳ ಜಾಯಮಾನದಲ್ಲಿರಲಿಲ್ಲ. ಇಬ್ಬರ ಉಸಿರೂ ಇಬ್ಬರಿಗೂ ಕೇಳುತ್ತಿತ್ತು.

ಕೊನೆಗೆ ಸೊಸೆ ಬಗ್ಗಿದಳು. ಅವಳ ಕೈಗಳು ಅತ್ತೆಯ ಮಂಡಿಯನ್ನು ಹಿಡಿದು, ಒತ್ತಿ, ತಿರುವಿ ನೋಡಿದವು. ಗಟ್ಟಿಮುಟ್ಟಾದ ಕೈಗಳು. ಅವುಗಳಲ್ಲಿ ಸಿಟ್ಟೂ ಇರಲಿಲ್ಲ, ಪ್ರೀತಿಯೂ ಇರಲಿಲ್ಲ. "ಮುರಿದಿಲ್ಲ. ಉಳುಕಿದೆ. ನನ್ನ ಕುತ್ತಿಗೆ ಸುತ್ತ ಕೈ ಹಾಕಿ."

"ಬೇಡ. ಅವನನ್ನ ಕರಿ."

"ಅವರಿಗೆ ಎತ್ತೋಕೆ ಬರಲ್ಲ. ಭುಜ ಸಡಿಲ ಬಿಡಿ."

"ನಿನ್ನ ಆ ಮಾತಿಗೆ ಬೆಂಕಿ ಹಾಕ."

"ಹಾಕಿ. ಹಾಕ್ತಾ ಹಾಕ್ತಾನೇ ಸಡಿಲ ಬಿಡಿ."

ಮೆಟ್ಟಿಲೊಂದೊಂದಕ್ಕೂ ಬೈದುಕೊಂಡು, ಒಬ್ಬರ ಬೆವರು ಇನ್ನೊಬ್ಬರಿಗೆ ಅಂಟಿಕೊಂಡು, ಇಬ್ಬರೂ ಮೇಲೆ ಬಂದರು. ಬೆಳಕು ಕಂಡಲ್ಲಿ ಸೊಸೆ ಅವಳನ್ನು ಕಲ್ಲುಕಟ್ಟೆಯ ಮೇಲೆ ಕೂರಿಸಿ, ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಟ್ಟಳು.

"ಒಂದು ವಿಷಯ ಹೇಳ್ತೀನಿ ಅತ್ತೆ. ನೀವು ಬಿದ್ದಾಗ, ಇಲ್ಲೇ ಬಿಟ್ಟು ಹೋಗ್ಬಿಡೋಣ ಅನ್ನಿಸ್ತು. ನಿಜವಾಗ್ಲೂ."

"ಗೊತ್ತಾಯ್ತು. ನಿಂತಿದ್ದೆಯಲ್ಲ," ಎಂದಳು ಕಿಟಕಿಯಮ್ಮ. ತುರುಬು ಬಿಚ್ಚಿ ಮುಖದ ಮೇಲೆಲ್ಲ ಹರಡಿತ್ತು. "ನಾನಾಗಿದ್ರೆ ಹೋಗ್ತಿದ್ದೆ."

ಅವರಿಬ್ಬರ ನಡುವೆ ಅದುವರೆಗೆ ಆಡಿದ ಮಾತುಗಳಲ್ಲಿ ಇಬ್ಬರೂ ನಂಬಿದ ಮಾತು ಅದೊಂದೇ.

ನಾಲ್ಕನೆಯ ಊರು ತಪ್ಪಿತು. ಮಂಡಿಗೆ ಪಟ್ಟಿ ಸುತ್ತಿ, ಕಾಲು ಚಾಚಿಸಿ, ಉಳಿದ ದಿನಗಳನ್ನು ಅದೇ ಊರಿನ ಲಾಡ್ಜಿನಲ್ಲೇ ಕಳೆಯಬೇಕಾಯಿತು. ಲಾಡ್ಜಿನ ಹಿಂದೆ ಒಂದು ಅಂಗಳ, ಅಂಗಳದಲ್ಲಿ ಗಿಡಗಳಿಗೆ ನೀರು ಬಿಡುವ ರಬ್ಬರ್ ಪೈಪು. ಮಕ್ಕಳಿಬ್ಬರೂ ಬೆಳಗಿನಿಂದ ಸಂಜೆಯವರೆಗೂ ಆ ಪೈಪು ಬಿಡಲಿಲ್ಲ. ಮಗ ಪ್ಯಾಂಟು ಮಡಿಚಿಕೊಂಡು ಅವರ ಜೊತೆ ಒದ್ದೆಯಾಗುತ್ತಿದ್ದ. ಅಂಗಳದ ಒಂದು ತುದಿಯ ಕುರ್ಚಿಯಲ್ಲಿ ಅತ್ತೆ, ಇನ್ನೊಂದು ತುದಿಯಲ್ಲಿ ಸೊಸೆ, ಬೆನ್ನು ಮಾಡಿಕೊಂಡು.

"ನಾಲ್ಕನೇ ಊರಿಗೆ ನೀವು ಹೋಗಿ ಬರಬಹುದಿತ್ತು," ಎಂದಳು ಕಿಟಕಿಯಮ್ಮ ಒಂದು ಮಧ್ಯಾಹ್ನ, ಗೋಡೆಗೆ ಹೇಳುವಂತೆ.

"ನಿಮ್ಮನ್ನ ಯಾರು ನೋಡ್ಕೋತಿದ್ರು?"

"ನನ್ನ ಪಾಡಿಗೆ ನಾನು ಇರ್ತಿದ್ದೆ."

"ನಿಮ್ಮ ಪಾಡಿಗೆ ನೀವು ಯಾವತ್ತಿದ್ರಿ?"

ಕಿಟಕಿಯಮ್ಮ ನೀರಾಟದ ಕಡೆಗೆ ತಿರುಗಿದಳು. ಮಗ ಗುಂಡುವನ್ನು ಎತ್ತಿ ನೀರಿನ ಕೆಳಗೆ ಹಿಡಿದಿದ್ದ, ಅದು ಕೇಕೆ ಹಾಕುತ್ತಿತ್ತು. ಅವನು ಚಿಕ್ಕವನಿದ್ದಾಗ ಹಾಗೆ ಕೂಗಿದ್ದನೇ ಎಂದು ನೆನಪಿಸಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ. ಅವನಿಗೆ ಅವಳೇ ಸದ್ದು ಮಾಡಬೇಡ ಎಂದು ಕಲಿಸಿದ್ದಳು. ಗೂಡಿನಲ್ಲಿ ಮಗು ಇದೆಯೆಂದು ಮೇಲಿನವರಿಗೆ ಗೊತ್ತಾಗಬಾರದಿತ್ತು.

"ಊರಿಗೆ ಹೋದ ಮೇಲೆ ನಾನು ಬೇರೆ ಮನೆ ನೋಡ್ಕೋತೀನಿ," ಎಂದಳು.

ಮಗನಾಗಿದ್ದರೆ ಬೇಡಮ್ಮಾ ಎನ್ನುತ್ತಿದ್ದ. ಸೊಸೆ ತಿರುಗಿ ಕೂತಳು. "ನೀವು ನೋಡ್ಬೇಡಿ. ಮೆಟ್ಟಿಲಿರೋ ಮನೆ ಹಿಡಿದು ಮತ್ತೆ ಬೀಳ್ತೀರಿ. ನಾನೇ ಹುಡುಕ್ತೀನಿ."

ಹುಡುಕಿದಳು ಕೂಡ. ಎರಡು ಬೀದಿ ಆಚೆಗೆ, ನೆಲಮಟ್ಟದ ಮನೆ. ಒಂದು ಕೋಣೆ, ಅಡುಗೆಮನೆ, ಬಚ್ಚಲು. ಮನೆಯ ಒಡೆಯನ ಜೊತೆ ಹೊಡೆದಾಡಿ ಬಚ್ಚಲಿನ ಗೋಡೆಗೆ ಹಿಡಿದುಕೊಳ್ಳಲು ಕಬ್ಬಿಣದ ಸರಳು ಹಾಕಿಸಿದಳು. ಮಗ ಮಂಚ ಹೊತ್ತು ತಂದವನು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕಣ್ಣಲ್ಲಿ ನೀರು ತಂದುಕೊಂಡ. ಕಿಟಕಿಯಮ್ಮ ಅವನ ತೋಳು ಹಿಡಿದು, "ಆ ಮೂಲೆಗೆ ಹಾಕು," ಎಂದಳು. ತೋಳನ್ನು ಬೇಗ ಬಿಡಲಿಲ್ಲ. ಸರಳು ತಣ್ಣಗಿದೆ, ಅಡುಗೆಮನೆಯಲ್ಲಿ ಹೊಗೆ ಹೋಗುವುದಿಲ್ಲ, ನಲ್ಲಿ ಸೋರುತ್ತದೆ ಎಂದು ಸೊಸೆಗೆ ಅಂದೇ ಹೇಳಿ ಮುಗಿಸಿದಳು.

ಮಂಡಿ ಪೂರ್ತಿ ಮಡಚಲು ಬರುತ್ತಿರಲಿಲ್ಲ. ಸೊಸೆ ಆಸ್ಪತ್ರೆಯಿಂದ ಮನೆಗೆ ಹೋಗುವಾಗ ವಾರಕ್ಕೆ ಎರಡು ಸಲ ಬಂದು, ಚೀಲ ಮೂಲೆಗೆಸೆದು, ಅತ್ತೆಯನ್ನು ನೆಲದ ಮೇಲೆ ಮಲಗಿಸಿ ಕಾಲು ಬಗ್ಗಿಸತೊಡಗಿದಳು. ಹೇಗಿದ್ದೀರಿ ಎಂದು ಇವಳು ಕೇಳುತ್ತಿರಲಿಲ್ಲ, ಚಹಾ ಕುಡಿ ಎಂದು ಅವಳು ಹೇಳುತ್ತಿರಲಿಲ್ಲ. ಶುರುವಾದರೆ ಜಗಳವೇ. ಗುಂಡುವಿಗೆ ಸ್ವೆಟರ್ ಹಾಕಿಲ್ಲ ಎಂಬುದರಿಂದ ಹಿಡಿದು, ಮುಂದಿನ ರಜೆಗೆ ಸಮುದ್ರ ನೋಡಲು ಹೋಗುತ್ತಾರಂತೆ ಎಂಬುದರವರೆಗೆ.

"ಸಮುದ್ರದಲ್ಲಿ ಏನಿದೆ? ನೀರು."

"ನಿಮ್ಮನ್ನ ಕರೀಲಿಲ್ಲ. ನೋವಾಗ್ತಿದೆಯಾ?"

"ಇಲ್ಲ."

"ಆಗ್ಬೇಕು," ಎಂದು ಸೊಸೆ ಇನ್ನಷ್ಟು ಒತ್ತುತ್ತಿದ್ದಳು.

ಒಂದು ದಿನ ಸೊಸೆ ಹೋದ ಮೇಲೆ ಮೇಲಿನ ಮನೆಯಾಕೆ ಬಾಗಿಲಲ್ಲಿ ಇಣುಕಿದಳು. ಒಳ್ಳೆಯ ಹೆಂಗಸು, ಅಕ್ಕರೆಯಿಂದಲೇ ಕೇಳಿದಳು. "ಅಮ್ಮಾ, ನಿಮ್ಮ ಸೊಸೆ ಬಂದಾಗಲೆಲ್ಲ ಕೂಗಾಟ ಕೇಳುತ್ತೆ. ಪಾಪ, ವಯಸ್ಸಾದವರನ್ನ ಹೀಗೆ ಹಿಂಸೆ ಮಾಡ್ಬಾರದು. ನಿಮ್ಮ ಮಗನಿಗೆ ನಾನೊಂದು ಮಾತು ಹೇಳ್ಲಾ?"

ಕಿಟಕಿಯಮ್ಮ ಗೋಡೆ ಹಿಡಿದು ಎದ್ದು ನಿಂತಳು. ಆಕೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಹಿಂಸೆ ಮಾಡೋದು ಅವಳ ಕೆಲಸ, ಅದಕ್ಕೇ ಓದಿದ್ದಾಳೆ," ಎಂದಳು. "ಅದನ್ನ ಮೆಟ್ಟಿಲ ಮೇಲೆ ನಿಂತು ಕೇಳಿಸ್ಕೊಳ್ಳೋದು ನಿಮ್ಮ ಕೆಲಸ ಅಲ್ಲ."

ಆಕೆ ಮುಖ ಊದಿಸಿಕೊಂಡು ಮೇಲೆ ಹೋದಳು. ಕಿಟಕಿಯಮ್ಮ ಬಾಗಿಲು ಹಾಕಿ, ಸೊಸೆ ಹೇಳಿಕೊಟ್ಟಂತೆ ಗೋಡೆಗೆ ಬೆನ್ನು ಕೊಟ್ಟು ಮೆಲ್ಲಗೆ ಜಾರುತ್ತಾ ಮಂಡಿ ಬಗ್ಗಿಸಿದಳು. ಹಿಂದಿನ ವಾರಕ್ಕಿಂತ ಒಂದಿಷ್ಟು ಹೆಚ್ಚು ಬಗ್ಗಿತು. ಅದನ್ನು ಸೊಸೆಗೆ ಹೇಳಬಾರದು ಎಂದು ಅವಳು ತೀರ್ಮಾನಿಸಿದಳು.